ಚುಕ್ಕಿ ಕಾದು ಕುಳಿತ ಸನ್ನೆ

2021ರ ಫೆಬ್ರವರಿ ತಿಂಗಳು. ಸ್ಯಾನ್ ಪೀಡ್ರೊ ಬಂದರಿನ ಹೊರಗೆ ಹಡಗುಗಳು ಒಳಗೆ ಬರಲು ಜಾಗವಿಲ್ಲದೆ ಲಂಗರು ಹಾಕಿ ನಿಂತಿದ್ದ ಕಾಲ. ಅವುಗಳಲ್ಲಿ ಸಿಕ್ಕಿಕೊಂಡ ಕಂಟೇನರುಗಳು ಎಲ್ಲಿವೆ, ಯಾವಾಗ ಇಳಿಯುತ್ತವೆ ಎಂದು ಗಿರಾಕಿಗಳಿಗೆ ಉತ್ತರ ಹೇಳುವ ಕೆಲಸ ನನ್ನದು. ಕೋವಿಡ್‌ನಿಂದಾಗಿ ಆಫೀಸು ಮುಚ್ಚಿತ್ತು. ರೆಡೊಂಡೊ ಬೀಚಿನ ನಮ್ಮ ಮನೆಯ ಊಟದ ಮೇಜಿನ ಮುಂದೆ ಕುಳಿತು ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದೆ. ಎದುರಿನ ಕುರ್ಚಿಯಲ್ಲಿ ಆನ್‌ಲೈನ್ ಕ್ಲಾಸಿಗೆ ಕುಳಿತ ಮಗಳು ಅನಘಾ. ಅವಳಿಗೆ ಆಗ ಹದಿನಾಲ್ಕು ವರ್ಷ. ಅವಳದು ಒಂದೇ ಹಟ, ನಾಯಿ ಬೇಕು.

ಅದೇ ವಾರ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಬಂತು. "ಲ್ಯಾಬ್ರಡಾರ್ ಮರಿಗಳಿವೆ. ಕೆಲಸ ಕೊಡುವವರಿಗೆ ಮಾತ್ರ. ಸೋಫಾದ ಮೇಲೆ ಮಲಗಿಸುವವರು ಕೇಳಬೇಡಿ." ನನಗೆ ನಗು ಬಂತು. ನಮ್ಮವರು ನಾಯಿಮರಿಗೂ ಕೆಲಸ ಹುಡುಕುವುದನ್ನು ಬಿಡಲಿಲ್ಲವಲ್ಲ ಎಂದುಕೊಂಡೇ ಫೋನ್ ಮಾಡಿದೆ.

ಆ ಕಡೆ ಮಾತನಾಡಿದವರು ಪೂವಯ್ಯ ಅಂಕಲ್. ಕೊಡಗಿನವರು, ನಲವತ್ತು ವರ್ಷದಿಂದ ಸ್ಯಾನ್ ಡಿಯೇಗೊದಲ್ಲಿದ್ದು, ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ ಎಂಜಿನಿಯರ್ ಆಗಿ ರಿಟೈರ್ ಆದವರು. ಬೇಟೆನಾಯಿಗಳನ್ನು ತಯಾರು ಮಾಡುವುದು ಅವರ ಇಷ್ಟದ ಕೆಲಸ.

"ಊರು ಯಾವುದು?" ಎಂದು ಕೇಳಿದರು.

"ಉಡುಪಿ, ಅಂಕಲ್."

ಉಡುಪಿಯವರೆಂದರೆ ಸಸ್ಯಾಹಾರಿಗಳೆಂದು ಎಣಿಸಿರಬೇಕು. "ಬಾತುಕೋಳಿ ಮುಟ್ಟುತ್ತೀಯಾ?" ಎಂದರು. ಮರಿ ಸಿಗಬೇಕೆಂಬ ಆಸೆಗೆ ಮುಟ್ಟುತ್ತೇನೆ ಎಂದುಬಿಟ್ಟೆ. ನಲವತ್ತೈದು ವರ್ಷದ ನನ್ನ ಜೀವನದಲ್ಲಿ ನಾನು ಮೊಟ್ಟೆಯನ್ನೂ ಸರಿಯಾಗಿ ಮುಟ್ಟಿದವಳಲ್ಲ.

ಮರಿ ಬಂತು. ಮೈಯೆಲ್ಲ ಕಪ್ಪು, ಎದೆಯ ಮೇಲೆ ಮಾತ್ರ ಒಂದು ಬಿಳಿ ಬೊಟ್ಟು. ಚುಕ್ಕಿ ಎಂದು ಹೆಸರಿಟ್ಟೆವು. ಮೂರು ವಾರ ಅನಘಾ ಅದನ್ನು ನೆಲಕ್ಕೆ ಬಿಡಲಿಲ್ಲ. ನಾಲ್ಕನೆಯ ವಾರದಿಂದ ನಾಯಿ ನನ್ನ ಪಾಲಿಗೆ ಬಂತು. ನನ್ನ ಗಂಡ ರಘು ಬುದ್ಧಿವಂತ, ಮೊದಲ ದಿನವೇ ಇದಕ್ಕೂ ನನಗೂ ಸಂಬಂಧವಿಲ್ಲ ಎಂದು ಕೈತೊಳೆದುಕೊಂಡಿದ್ದ. ಚುಕ್ಕಿ ಚಪ್ಪಲಿ ತಿಂದಳು, ಸೋಫಾದ ಒಂದು ಮೂಲೆ ತಿಂದಳು, ಆಫೀಸಿನವರು ಕೊಟ್ಟಿದ್ದ ಹೆಡ್‌ಸೆಟ್ಟಿನ ವಯರು ತಿಂದಳು. ಕಡೆಗೆ ಅಂಕಲ್‌ಗೆ ಫೋನ್ ಮಾಡಿ, "ಇದು ನನ್ನಿಂದಾಗುದಿಲ್ಲ, ವಾಪಸ್ ತಗೊಳ್ಳಿ" ಎಂದೆ.

"ನಾಯಿಗೆ ಕೆಲಸ ಕೊಟ್ಟಿದ್ದೀಯಾ?"

"ಇಲ್ಲ."

"ಮತ್ತೆ? ಅದೇ ಹುಡುಕಿಕೊಂಡಿದೆ. ಶನಿವಾರ ಬೆಳಿಗ್ಗೆ ಕರ್ಕೊಂಡು ಬಾ," ಎಂದು ಫೋನ್ ಇಟ್ಟರು.

ಹಾಗೆ ಶುರುವಾಯಿತು ನನ್ನ ಶನಿವಾರಗಳ ಓಡಾಟ. ಬೆಳಗಿನ ಐದಕ್ಕೆ ಎದ್ದು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿ, ಚುಕ್ಕಿಯನ್ನು ಹಿಂದೆ ಕೂರಿಸಿ ದಕ್ಷಿಣಕ್ಕೆ ಎರಡೂವರೆ ಗಂಟೆ ಡ್ರೈವ್. ಸ್ಯಾನ್ ಡಿಯೇಗೊ ಪೇಟೆಯಿಂದ ಪೂರ್ವಕ್ಕೆ ಗುಡ್ಡಗಳ ನಡುವೆ ಅಂಕಲ್‌ನ ಗೆಳೆಯರೊಬ್ಬರ ದನದ ರ್ಯಾಂಚ್ ಇತ್ತು. ದನಗಳಿಗೆ ನೀರು ಕುಡಿಸಲು ಕಟ್ಟಿದ ಒಂದು ಕೆರೆ, ಸುತ್ತ ಒಣಹುಲ್ಲು. ಆ ಹುಲ್ಲಿನ ಮುಳ್ಳುತೆನೆ ನಾಯಿಯ ಕಿವಿಗೋ ಕಾಲ್ಬೆರಳ ಸಂದಿಗೋ ಹೊಕ್ಕರೆ ಡಾಕ್ಟರ ಹತ್ತಿರ ಓಡಬೇಕು. ಪ್ರತಿ ಸಲ ಮನೆಗೆ ಹೊರಡುವ ಮುಂಚೆ ಚುಕ್ಕಿಯ ನಾಲ್ಕೂ ಕಾಲು ಬಿಡಿಸಿ ನೋಡುವುದು ನನ್ನ ಕೆಲಸವಾಗಿತ್ತು.

ಮೊದಲ ದಿನವೇ ನನಗೆ ಒಂದು ವಿಷಯ ಗೊತ್ತಾಯಿತು. ಅಂಕಲ್ ಅವರನ್ನು ಕಾರಿನಲ್ಲಿ ಕರೆತಂದದ್ದು ಅವರ ಹೆಂಡತಿ ದೇಚಮ್ಮ ಆಂಟಿ. ಅಂಕಲ್ ನನ್ನ ಜೊತೆ ಮಾತಾಡುವಾಗ ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಿದ್ದರು. ಕಣ್ಣಿನ ಹಿಂದಿನ ಪರದೆ ಸವೆಯುವ ಕಾಯಿಲೆ. ನೇರ ನೋಡಿದ್ದು ಕಾಣುವುದಿಲ್ಲ, ಅಂಚಿನಲ್ಲಿ ಮಾತ್ರ ಮಬ್ಬುಮಬ್ಬಾಗಿ ಕಾಣುತ್ತದೆ. ವರ್ಷದಿಂದ ವರ್ಷಕ್ಕೆ ಅದೂ ಕಡಿಮೆಯಾಗುತ್ತಿತ್ತು. ನೂರು ಗಜ ದೂರದ ಕಪ್ಪು ನಾಯಿ ಅವರಿಗೆ ಇದ್ದೂ ಇಲ್ಲದ ಹಾಗೆ.

ಅಂದೇ ಅವರು ನನ್ನ ಬಲಗೈಯ ಬಳೆಗಳ ಸದ್ದು ಕೇಳಿ ಗೊಣಗಿದರು. ನನ್ನ ಮದುವೆಯಲ್ಲಿ ಅಮ್ಮ ತೊಡಿಸಿದ ಎರಡು ಚಿನ್ನದ ಬಳೆ ಅವು. "ಬೇಟೆಗೆ ಬರುವವರು ಯಾರಾದ್ರೂ ಬಳೆ ಹಾಕ್ಕೊಂಡು ಬರ್ತಾರಾ? ತೆಗಿ."

"ಸೋಪು ಹಚ್ಚಿದ್ರೂ ಬರುದಿಲ್ಲ ಅಂಕಲ್. ಕೈ ದಪ್ಪ ಆಗಿದೆ."

"ಆಗ್ಲಿ ಬಿಡು. ನೀನು ಎಲ್ಲಿದ್ದೀ ಅಂತ ನಂಗೆ ಗೊತ್ತಾಗ್ತದೆ," ಎಂದು ಸುಮ್ಮನಾದರು.

ಅಂಕಲ್ ಚುಕ್ಕಿಯನ್ನು ತಯಾರು ಮಾಡಲು ಹೊರಟದ್ದು ಹಂಟ್ ಟೆಸ್ಟಿಗೆ. ಹಂಟ್ ಟೆಸ್ಟ್ ಎಂದರೆ ಬೇಟೆಯಲ್ಲ, ಬೇಟೆನಾಯಿಗೆ ಪರೀಕ್ಷೆ. ಗುಂಡು ತಗಲಿದ ಹಕ್ಕಿ ನೀರಿನಲ್ಲೋ ಪೊದೆಯಲ್ಲೋ ಬಿದ್ದರೆ ಅದನ್ನು ಕಚ್ಚಿ ಹಾಳು ಮಾಡದೆ ತಂದು ಯಜಮಾನನ ಕೈಗೆ ಕೊಡುವುದು ಲ್ಯಾಬ್ರಡಾರ್‌ಗಳ ಹುಟ್ಟುಕಸುಬು. ಮೊದಲ ಹಂತ ಸುಲಭ. ಹಕ್ಕಿ ಬೀಳುವುದನ್ನು ನಾಯಿ ಕಣ್ಣಾರೆ ನೋಡಿರುತ್ತದೆ, ಓಡಿ ಹೋಗಿ ತರುತ್ತದೆ. ಎರಡನೆಯ ಹಂತದಲ್ಲಿ ಕಷ್ಟ ಶುರು. ಅಲ್ಲಿ ಒಂದು ಹಕ್ಕಿಯನ್ನು ನಾಯಿಗೆ ತಿಳಿಯದಂತೆ ಮೊದಲೇ ಇಟ್ಟಿರುತ್ತಾರೆ. ಜಾಗ ಗೊತ್ತಿರುವುದು ನಮಗೆ ಮಾತ್ರ. ದೂರದಲ್ಲಿರುವ ನಾಯಿಗೆ ಒಂದು ಸೀಟಿ ಊದಿದರೆ ಅದು ಇದ್ದಲ್ಲೇ ತಿರುಗಿ ಕುಳಿತು ನಮ್ಮನ್ನು ನೋಡಬೇಕು. ಕೈ ಬಲಕ್ಕೆ ಚಾಚಿದರೆ ಬಲಕ್ಕೆ, ಎಡಕ್ಕೆ ಚಾಚಿದರೆ ಎಡಕ್ಕೆ. ಕೈ ನೆಟ್ಟಗೆ ಮೇಲೆತ್ತಿ "ಬ್ಯಾಕ್" ಎಂದು ಕೂಗಿದರೆ ಬೆನ್ನು ತಿರುಗಿಸಿ ಇನ್ನೂ ದೂರ ಹೋಗಬೇಕು. ನಮ್ಮನ್ನು ನಂಬಿ, ಏನೂ ಕಾಣದ ಕಡೆಗೆ ಹೋಗಬೇಕು.

ಒಂದು ವರ್ಷ ಬಂಪರ್ ಎನ್ನುವ ಪ್ಲಾಸ್ಟಿಕ್ ಉರುಳೆಯನ್ನು ಎಸೆದೆಸೆದು ಕಲಿಸಿದೆವು. ಆಮೇಲೆ ಒಂದು ದಿನ ಅಂಕಲ್ ಮನೆಯ ಫ್ರೀಜರಿನಿಂದ ನಿಜವಾದ ಬಾತುಕೋಳಿ ಬಂತು. ಚುಕ್ಕಿ ಅದನ್ನು ಹೆಮ್ಮೆಯಿಂದ ತಂದು ನನ್ನ ಮುಂದೆ ಕುಳಿತಳು. ನಾನು ಎರಡು ಗ್ಲೌಸ್ ಹಾಕಿಕೊಂಡು, ಮುಖ ಆಚೆ ತಿರುಗಿಸಿ ಕೈಚಾಚಿದೆ.

"ಬಾತುಕೋಳಿಗೆ ನಿನ್ನ ಮುಖ ನೋಡಲಿಕ್ಕಿಲ್ಲ, ನಾಯಿಗೆ ಉಂಟು. ನೀನು ಅಸಹ್ಯಪಟ್ರೆ ನಾಳೆ ಅದು ತರುದಿಲ್ಲ," ಎಂದರು ಅಂಕಲ್. ಅವರಿಗೆ ನನ್ನ ಮುಖ ಕಂಡಿರಲು ಸಾಧ್ಯವೇ ಇರಲಿಲ್ಲ. ನನ್ನ ಉಸಿರು ಕೇಳಿರಬೇಕು. ನಾನು ಮುಖ ತಿರುಗಿಸಿ, ಕಣ್ಣು ಬಿಟ್ಟು, ಹಕ್ಕಿಯನ್ನು ತೆಗೆದುಕೊಂಡೆ. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಮೂರನೆಯ ಶನಿವಾರದ ಹೊತ್ತಿಗೆ ಒಂದು ಸ್ನಾನ ಸಾಕಾಯಿತು.

ಅವರ ಕಿವಿ ಎಂಥದ್ದು ಎಂದು ಆ ವರ್ಷದ ಬೇಸಿಗೆಯಲ್ಲಿ ಗೊತ್ತಾಯಿತು. ಕೆರೆಯ ಕಡೆ ಮುಂದೆ ಮುಂದೆ ಹೋಗುತ್ತಿದ್ದೆ. ಹಿಂದಿನಿಂದ ಅಂಕಲ್, "ಸುಮನಾ, ನಿಲ್ಲು. ಕಾಲು ಎತ್ತಬೇಡ," ಎಂದರು. ಸ್ವರ ಏರಿಸಲೇ ಇಲ್ಲ. ನಿಂತೆ. ಹತ್ತು ಹೆಜ್ಜೆ ಮುಂದೆ, ಹುಲ್ಲಿನ ಬಣ್ಣದ್ದೇ ಹಾವೊಂದು ಬಾಲದ ತುದಿಯ ಗಿಲಕಿ ಅಲುಗಿಸುತ್ತಾ ಸುತ್ತಿಕೊಂಡಿತ್ತು. ಆ ಸದ್ದು ನನ್ನ ಕಿವಿಗೆ ಬಿದ್ದದ್ದು ಹಾವನ್ನು ನೋಡಿದ ಮೇಲೆ.

2022ರಲ್ಲಿ ಚುಕ್ಕಿ ಮೊದಲ ಹಂತ ದಾಟಿದಳು. ಆಮೇಲೆ ಒಂದೂವರೆ ವರ್ಷ ಕೈಸನ್ನೆಯ ಪಾಠ. ಅಂಕಲ್ ನನ್ನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿ ಕೂರುತ್ತಿದ್ದರು. ನಾನು ಸೀಟಿ ಊದಿ, ಕೈ ಎತ್ತಿ ಕೂಗಿದ ಮೇಲೆ, "ಹೋಯ್ತಾ?" ಎನ್ನುತ್ತಿದ್ದರು.

"ಹೋಯ್ತು ಅಂಕಲ್."

"ಕೈ ನೆಟ್ಟಗಿತ್ತಾ?"

"ನೆಟ್ಟಗಿತ್ತು ಅಂಕಲ್."

ಇದು ನಮ್ಮಿಬ್ಬರ ಮಧ್ಯೆ ಸಾವಿರ ಸಲ ನಡೆದ ಮಾತು.

2023ರ ಅಕ್ಟೋಬರಿನಲ್ಲಿ ಒಂದು ಶನಿವಾರ ಅಂಕಲ್ "ಹೋಯ್ತಾ?" ಎಂದು ಒಮ್ಮೆಯೂ ಕೇಳಲಿಲ್ಲ. ಆಂಟಿ ಕಾರಿನ ಹತ್ತಿರ ನನ್ನನ್ನು ಕರೆದು ವಿಷಯ ಹೇಳಿದರು. ಸ್ಯಾನ್ ಡಿಯೇಗೊದ ನಾಯಿ ತರಬೇತಿಯ ಗುಂಪಿನಲ್ಲಿ ಇಬ್ಬರು ಗಂಡಸರು ಮಾತಾಡಿಕೊಳ್ಳುತ್ತಿದ್ದುದು ಅಂಕಲ್ ಕಿವಿಗೆ ಬಿದ್ದಿತ್ತಂತೆ, ನಾಯಿಯೇ ಕಾಣದವನು ನಾಯಿಗೆ ಏನು ಕಲಿಸುತ್ತಾನೆ ಎಂದು. "ಕಿವಿ ಸ್ವಲ್ಪ ಮಂದ ಆಗಿದ್ರೆ ಒಳ್ಳೇದಿತ್ತು ಮಾರಾಯ್ತಿ. ಹತ್ತು ದಿನ ಆಯ್ತು, ಸರಿಯಾಗಿ ಊಟ ಮಾಡ್ತಿಲ್ಲ," ಎಂದರು ಆಂಟಿ.

ಹೊರಡುವಾಗ ಅಂಕಲ್ ನನಗೆ ಹೇಳಿದರು, "ನವೆಂಬರಿನ ಪರೀಕ್ಷೆ ಒಂದು ಆಗ್ಲಿ. ಚುಕ್ಕಿ ಪಾಸಾದ್ರೆ ಮುಂದಿನದು ನೋಡುವ. ಆಗದಿದ್ರೆ ನಂಗೆ ಸಾಕು. ಸೀಟಿ, ಬಂಪರ್ ಎಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೇನೆ. ನೋಡಲಿಕ್ಕಾಗದೆ ಕಲಿಸುದು ಅಂದ್ರೆ ಮೋಸ."

"ಹಾಗೆಲ್ಲ ಹೇಳ್ಬೇಡಿ ಅಂಕಲ್," ಎಂದೆ. ಆ ದಿನ ವಾಪಸ್ ಬರುವ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಒಬ್ಬ ಮನುಷ್ಯ ಐವತ್ತು ವರ್ಷ ಪ್ರೀತಿಸಿದ ಕೆಲಸ ಮುಂದುವರಿಯುವುದೋ ನಿಲ್ಲುವುದೋ ಎನ್ನುವುದು ನನ್ನಂಥ ಗಡಿಬಿಡಿಯ ಹೆಂಗಸಿನ ಕೈಗೆ ಬಂದು ಬಿದ್ದಿತ್ತು.

ಪರೀಕ್ಷೆಗೆ ಆರು ದಿನ ಮುಂಚೆ, ಭಾನುವಾರ, ಕೊನೆಯ ಅಭ್ಯಾಸಕ್ಕೆ ಅನಘಾಳೂ ಬಂದಳು. ಕಾಲೇಜಿನ ಅರ್ಜಿಗೆ ಏನೋ ಬರೆಯಬೇಕೆಂದು ನಮ್ಮ ಅಭ್ಯಾಸವನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಕೊಂಡಳು. ಮನೆಗೆ ಬಂದು ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ನನಗೆ ತೋರಿಸುತ್ತಾ, "ಅಮ್ಮಾ, ವಾಟ್ ಆರ್ ಯೂ ಡೂಯಿಂಗ್ ವಿತ್ ಯುವರ್ ಹ್ಯಾಂಡ್?" ಎಂದು ಕೇಳಿದಳು.

ನೋಡಿದೆ. ದೂರದಲ್ಲಿ ಚುಕ್ಕಿ ಕುಳಿತಿದ್ದಾಳೆ. ನಾನು ಸೀಟಿಯನ್ನು ಬಾಯಿಂದ ಬಿಟ್ಟು, ಬಲಗೈಯನ್ನು ಎದೆಗೆ ಮುಟ್ಟಿಸಿ, ಹಣೆಗೆ ಮುಟ್ಟಿಸಿ, ಆಮೇಲೆ ಮೇಲಕ್ಕೆತ್ತುತ್ತಿದ್ದೇನೆ. ಇನ್ನೊಂದು ವಿಡಿಯೋ ನೋಡಿದೆ, ಅದರಲ್ಲೂ ಹಾಗೆಯೇ. ಎಲ್ಲದರಲ್ಲೂ ಎದೆ, ಹಣೆ, ಆಮೇಲೆ ಬ್ಯಾಕ್.

ಅದು ನನ್ನ ಚಿಕ್ಕಂದಿನ ಅಭ್ಯಾಸ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಗಣಪತಿ ಗುಡಿ ಇತ್ತು. ನಿಲ್ಲಲು ಹೊತ್ತಿರುತ್ತಿರಲಿಲ್ಲ, ನಡೆಯುತ್ತಲೇ ಎದೆ ಮುಟ್ಟಿ ಹಣೆ ಮುಟ್ಟಿಕೊಂಡು ಓಡುತ್ತಿದ್ದೆವು. ಈಗಲೂ ಫ್ರೀವೇಗೆ ಕಾರು ಸೇರಿಸುವಾಗ, ಆಫೀಸಿನ ದೊಡ್ಡ ಈಮೇಲು ಕಳಿಸುವಾಗ ಕೈ ತಾನಾಗಿ ಹೋಗುತ್ತದೆ. ನಾಯಿಯನ್ನು ಕಾಣದ ಕಡೆಗೆ ಕಳಿಸುವಾಗಲೂ ಹೋಗುತ್ತಿದೆ ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಬೇರೆ ಯಾರಾದರೂ ಗುರುವಾಗಿದ್ದರೆ ಮೊದಲ ದಿನವೇ ಹಿಡಿದು ಬೈಯುತ್ತಿದ್ದರು. ಅಂಕಲ್‌ಗೆ ಅದು ಕಾಣುವಂತೆಯೇ ಇರಲಿಲ್ಲ. ಅವರು ಕೇಳಿದಾಗಲೆಲ್ಲ ನಾನು "ನೆಟ್ಟಗಿತ್ತು" ಎನ್ನುತ್ತಲೇ ಬಂದಿದ್ದೆ.

ಕೂಡಲೇ ಫೋನ್ ಮಾಡಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ, ನೋಡಿದೆಯಾ, ಕಾಣದವನು ಕಲಿಸಿದರೆ ಹೀಗೇ ಆಗುವುದು ಎಂದು ಅವರೇ ಎಲ್ಲ ಕಟ್ಟಿಟ್ಟುಬಿಡುತ್ತಾರೆ ಎನ್ನುವ ಹೆದರಿಕೆ. ಅದು ಅರ್ಧ ನಿಜ. ಇನ್ನರ್ಧ ನಾಚಿಕೆ. ಆರು ದಿನದಲ್ಲಿ ಸರಿಮಾಡಿಕೊಂಡರಾಯಿತು, ಅವರಿಗೆ ಗೊತ್ತಾಗುವುದೇ ಬೇಡ ಎಂದು ತೀರ್ಮಾನಿಸಿದೆ. ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು ಕೈ ನೆಟ್ಟಗೆ ಎತ್ತುವುದನ್ನು ಅಭ್ಯಾಸ ಮಾಡಿದೆ. ಬುಧವಾರ ಮನೆಯ ಹತ್ತಿರದ ಪಾರ್ಕಿನಲ್ಲಿ ಚುಕ್ಕಿಯ ಮುಂದೆಯೂ ಮಾಡಿ ನೋಡಿದೆ. ಅವಳು ಏಳಲು ಹಿಂದೆ ಮುಂದೆ ನೋಡಿದಳು. ಪಾರ್ಕಿನಲ್ಲಿ ಜನ, ಮಕ್ಕಳು, ಗಲಾಟೆ, ಅದಕ್ಕೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪರೀಕ್ಷೆಯ ದಿನ ಬಂತು. ಸ್ಯಾನ್ ಡಿಯೇಗೊ ಒಳನಾಡಿನ ಇನ್ನೊಂದು ರ್ಯಾಂಚ್. ಪೂರ್ವದ ಮರುಭೂಮಿ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ಮೂವತ್ತಕ್ಕೂ ಹೆಚ್ಚು ನಾಯಿಗಳು, ಅಷ್ಟೇ ಪಿಕಪ್ ಟ್ರಕ್ಕುಗಳು, ಹಸಿರು ಜಾಕೆಟ್ಟಿನ ಎತ್ತರದ ಗಂಡಸರು. ಅವರ ಮಧ್ಯೆ ನಾನೊಬ್ಬಳು ಐದಡಿಯ ಹೆಂಗಸು. ಇಬ್ಬರು ಜಡ್ಜ್‌ಗಳಲ್ಲಿ ಒಬ್ಬರು ಹುಲ್ಲಿನ ಟೋಪಿ ಹಾಕಿದ ವಯಸ್ಸಾದ ಮಹಿಳೆ. ಅಂಕಲ್ ಅವರ ಕಣ್ಣಿನ ವಿಷಯ ತಿಳಿದು, ನೋಡುವವರೆಲ್ಲ ನಿಲ್ಲುವ ದೂರದ ಹಗ್ಗದಿಂದ ಈಚೆ, ನಾವು ನಾಯಿ ಬಿಡುವ ಜಾಗದ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಅವರಿಗೂ ಆಂಟಿಗೂ ಕುರ್ಚಿ ಹಾಕಿಸಿಕೊಟ್ಟರು. ಆದರೆ ನಿಯಮ ಎಲ್ಲರಿಗೂ ಒಂದೇ. ನಾಯಿ ಕೆಲಸದಲ್ಲಿರುವಾಗ ಹಿಂದಿನಿಂದ ಯಾರೂ ಒಂದು ಮಾತೂ ಹೇಳುವಂತಿಲ್ಲ. ಹೇಳಿದರೆ ನಾಯಿಯನ್ನು ಹೊರಗೆ ಹಾಕುತ್ತಾರೆ.

ಬೆಳಗಿನ ಭಾಗ ಸಲೀಸಾಗಿ ಹೋಯಿತು. ಬಿದ್ದದ್ದನ್ನು ನೋಡಿದ್ದ ಹಕ್ಕಿಗಳನ್ನೆಲ್ಲ ಚುಕ್ಕಿ ತಂದಳು. ನೆಲದ ಮೇಲೆ ಅಡಗಿಸಿಟ್ಟ ಹಕ್ಕಿಯತ್ತ ಅವಳನ್ನು ಕಳಿಸಿದಾಗ ಗೆರೆ ಎಳೆದಂತೆ ಸೀದಾ ಹೋದಳು, ಸನ್ನೆಯ ಅಗತ್ಯವೇ ಬೀಳಲಿಲ್ಲ. ಆಂಟಿ ಅಕ್ಕಿತರಿಯ ಕಡಂಬುಟ್ಟು ಉಂಡೆಗಳನ್ನು ತಂದಿದ್ದರು, ನನಗೆಂದು ಬೇರೆ ಡಬ್ಬಿಯಲ್ಲಿ ಕಾಯಿಚಟ್ನಿ. ಅಂಕಲ್ ಆರು ಕಡಂಬುಟ್ಟು ತಿಂದರು. "ಇವತ್ತು ಊಟ ಸೇರ್ತಾ ಉಂಟು," ಎಂದು ಆಂಟಿ ನನ್ನ ಕೈ ಹಿಸುಕಿದರು.

ಮಧ್ಯಾಹ್ನ ಕೊನೆಯದು, ನೀರಿನಾಚೆಯ ಹಕ್ಕಿ. ಕೆರೆಯ ಆ ದಡದಲ್ಲಿ ಜೊಂಡಿನ ಹಿಂದೆ ಬಾತುಕೋಳಿ ಇಟ್ಟಿದ್ದರು. ನಡುವೆ ಎಡಗಡೆಯಿಂದ ಒಂದು ಕೆಸರಿನ ದಿಬ್ಬ ನೀರಿನೊಳಗೆ ಚಾಚಿಕೊಂಡಿತ್ತು. ಚುಕ್ಕಿಯನ್ನು ಬಿಟ್ಟೆ. ಈಜುತ್ತಾ ಹೋದವಳು ನೇರ ಹೋಗದೆ ಆ ದಿಬ್ಬ ಹತ್ತಿ ಮೂಸತೊಡಗಿದಳು. ಸೀಟಿ ಊದಿದೆ. ಕೂಡಲೇ ತಿರುಗಿ ಕುಳಿತಳು. ಇಲ್ಲಿಂದ ಅವಳು ಮತ್ತೆ ನೀರಿಗಿಳಿದು ಆ ದಡಕ್ಕೆ ಹೋಗಬೇಕು.

ಕನ್ನಡಿಯ ಮುಂದೆ ಕಲಿತಂತೆ ಕೈ ನೆಟ್ಟಗೆ ಎತ್ತಿ "ಬ್ಯಾಕ್" ಎಂದು ಕೂಗಿದೆ. ಗಾಳಿ ನನ್ನ ಎದುರಿಗಿತ್ತು, ಕೂಗು ನನ್ನ ಬೆನ್ನ ಹಿಂದಕ್ಕೇ ಹೋಯಿತು. ಚುಕ್ಕಿ ಅಲುಗಾಡಲಿಲ್ಲ. ನನ್ನನ್ನೇ ನೋಡುತ್ತಾ ಕುಳಿತಿದ್ದಳು. ಇನ್ನೊಮ್ಮೆ ಕೈ ಎತ್ತಿದೆ. ಅವಳು ಎದ್ದು, ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟು, ತಪ್ಪಾಯಿತೇನೋ ಎಂಬಂತೆ ನಿಂತಳು. ಮತ್ತೆ ಸೀಟಿ ಊದಿ ಕೂರಿಸಿದೆ. ಟೋಪಿಯ ಜಡ್ಜ್ ಕಾಗದದ ಮೇಲೆ ಏನೋ ಬರೆದದ್ದು ಓರೆಗಣ್ಣಿಗೆ ಕಂಡಿತು. ಸನ್ನೆಗೆ ಒಂದೆರಡು ಸಲ ತಪ್ಪಿದರೆ ಸಹಿಸುತ್ತಾರೆ. ಮೂರನೆಯದೂ ತಪ್ಪಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ಚುಕ್ಕಿ ಒದ್ದೆ ಮೈಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಮೊಂಡುತನ ಇರಲಿಲ್ಲ. ಅವಳು ಏನನ್ನೋ ಕಾಯುತ್ತಿದ್ದಳು. ನನಗೆ ಅದು ಅರ್ಥವಾಗಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಹತ್ತು ಹೆಜ್ಜೆ ಹಿಂದೆ ಕುರ್ಚಿಯಲ್ಲಿ ಕುಳಿತ ಮನುಷ್ಯ. ಅವರಿಗೆ ಏನೂ ಕಾಣುವುದಿಲ್ಲ, ಆದರೆ ನಾಯಿ ನೀರಿಗೆ ಬಿದ್ದ ಸದ್ದು ಬರಲಿಲ್ಲ ಎನ್ನುವುದು ಗೊತ್ತಾಗಿರುತ್ತದೆ. ಮುಗಿಯಿತು, ನಾನೇ ಹಾಳು ಮಾಡಿದೆ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಗಣಪತಿ, ನನಗಲ್ಲದಿದ್ದರೆ ಅಂಕಲ್‌ಗಾದರೂ ಒಂದು ದಾರಿ ತೋರಿಸಪ್ಪಾ ಎಂದು, ಅಷ್ಟು ಜನರ ಮುಂದೆ ನಾಚಿಕೆಯನ್ನೂ ಮರೆತು, ಎದೆ ಮುಟ್ಟಿ ಹಣೆ ಮುಟ್ಟಿಕೊಂಡೆ.

ಅಲ್ಲಿ ಚುಕ್ಕಿಯ ಕಿವಿ ನಿಮಿರಿತು. ಮೈ ಮುಂದಕ್ಕೆ ಬಾಗಿತು.

ಆಗ ನನಗೆ ಹೊಳೆಯಿತು. ಹಣೆಯ ಮೇಲಿದ್ದ ಕೈಯನ್ನು ಹಾಗೆಯೇ ಮೇಲಕ್ಕೆತ್ತಿದೆ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಅವಳು ಒಂದೇ ಸಲಕ್ಕೆ ಬೆನ್ನು ತಿರುಗಿಸಿ ನೀರಿಗೆ ಹಾರಿದಳು. ಆ ಸದ್ದು ಇಡೀ ಕೆರೆಗೆ ಕೇಳಿಸಿತು. ಆ ದಡಕ್ಕೆ ಹೋಗಿ, ಜೊಂಡಿನೊಳಗೆ ಮಾಯವಾಗಿ, ಹಕ್ಕಿಯನ್ನು ಬಾಯಲ್ಲಿ ಹಿಡಿದು ಹೊರಗೆ ಬಂದಳು. ನಾನು ಗ್ಲೌಸ್ ಇಲ್ಲದ ಕೈಯಲ್ಲಿ ಅದನ್ನು ತೆಗೆದುಕೊಂಡೆ. ಗ್ಲೌಸ್ ಹಾಕಿಕೊಳ್ಳಲು ಮರೆತಿದ್ದೆ ಎನ್ನುವುದು ಮನೆಗೆ ಬಂದ ಮೇಲೆ ನೆನಪಾಯಿತು.

ಜಡ್ಜ್‌ಗಳು ಬಹಳ ಹೊತ್ತು ತಲೆಗೆ ತಲೆ ತಾಗಿಸಿ ಮಾತಾಡಿದರು. ಸಂಜೆ ನಾಲ್ಕಕ್ಕೆ ಹೆಸರು ಓದಿದಾಗ ಚುಕ್ಕಿಯ ನಂಬರೂ ಇತ್ತು. ಕಿತ್ತಳೆ ಬಣ್ಣದ ಒಂದು ರಿಬ್ಬನ್ ಕೊಟ್ಟರು. ಅದನ್ನು ಕೊಡುವಾಗ ಟೋಪಿಯ ಅಮ್ಮ, ನಾಯಿ ನಿಮ್ಮನ್ನು ಬಹಳ ನಂಬುತ್ತದೆ, ಆದರೆ ನೀವು ಅದನ್ನು ಒಂದೇ ರೀತಿ ಮಾತಾಡಿಸಬೇಕು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು.

ರಿಬ್ಬನ್ ತಂದು ಅಂಕಲ್ ಕೈಯಲ್ಲಿಟ್ಟೆ. ಅವರು ಅದನ್ನು ಬೆರಳಿನಿಂದ ಸವರುತ್ತಾ ಕುಳಿತರು. ಇನ್ನು ಮುಚ್ಚಿಡಲು ಆಗಲಿಲ್ಲ. "ಅಂಕಲ್, ನಾನು ನಿಮ್ಮತ್ರ ಒಂದು ಸುಳ್ಳು ಹೇಳಿದ್ದೇನೆ," ಎಂದು ಶುರುಮಾಡಿ ವಿಡಿಯೋ, ಕನ್ನಡಿ, ಪಾರ್ಕು ಎಲ್ಲ ಹೇಳಿದೆ. "ಒಂದೂವರೆ ವರ್ಷ ನನ್ನ ಕೈ ನೆಟ್ಟಗಿರಲೇ ಇಲ್ಲ. ಗೊತ್ತಾದ ಮೇಲೂ ನಾನು ನಿಮಗೆ ಹೇಳಲಿಲ್ಲ."

ಅಂಕಲ್ ನನ್ನ ಕಿವಿಯ ಪಕ್ಕಕ್ಕೆ ನೋಡುತ್ತಾ ನಕ್ಕರು.

"ಮೂರು ಸಲ," ಎಂದರು.

"ಎಂತದು ಅಂಕಲ್ ಮೂರು ಸಲ?"

"ನಿನ್ನ ಬಳೆ. ಸೀಟಿ ಊದಿದ ಮೇಲೆ ಮೂರು ಸಲ ಸದ್ದಾಗ್ತದೆ. ಎರಡು ಸಣ್ಣದು, ಒಂದು ದೊಡ್ಡದು. ದೊಡ್ಡದು ಆದ ಕೂಡ್ಲೆ ನಾಯಿ ಹೊರಡ್ತದೆ. ಮೊದಲು ನೀನು ಕೂದಲು ಸರಿಮಾಡ್ಕೊಳ್ಳುದು ಅಂತ ಗ್ರಹಿಸಿದ್ದೆ. ಆಮೇಲೆ ತಿಳೀತು, ಎಂತದೋ ಒಂದು ನಿನ್ನ ಸನ್ನೆಯ ಒಳಗೇ ಸೇರಿಹೋಗಿದೆ ಅಂತ. ನಾಯಿಗೆ ಅರ್ಥ ಆಗ್ತದಲ್ಲ, ಮತ್ತೆ ನನಗೆಂತ?"

"ಹಾಗಾದ್ರೆ ಕೈ ನೆಟ್ಟಗಿತ್ತಾ ಅಂತ ಯಾಕೆ ಕೇಳ್ತಾ ಇದ್ರಿ?"

"ನೀನಾಗೇ ಹೇಳ್ತೀಯಾ ಅಂತ."

ನಾನು ಬಗ್ಗಿ ಚುಕ್ಕಿಯ ಕಾಲ್ಬೆರಳ ಸಂದಿಯಲ್ಲಿ ಮುಳ್ಳುತೆನೆ ಹುಡುಕತೊಡಗಿದೆ. ಅವರೇ ಮುಂದುವರಿಸಿದರು. "ಇವತ್ತು ಒಂದೇ ಸಲ ಸದ್ದಾಯ್ತು. ಎರಡನೇ ಸಲಾನೂ ಒಂದೇ. ನಂಗೆ ಗೊತ್ತಾಗಿಹೋಯ್ತು, ಈ ಹುಡುಗಿ ಯಾರದೋ ಮಾತು ಕೇಳಿ ಕೈ ಬದಲಾಯಿಸಿದ್ದಾಳೆ, ಅದಕ್ಕೇ ಚುಕ್ಕಿ ಹೋಗ್ತಾ ಇಲ್ಲ ಅಂತ. ಆದ್ರೆ ಬಾಯಿ ಬಿಡುವ ಹಾಗಿಲ್ಲ. ತುಟಿ ಕಚ್ಚಿಕೊಂಡು ಕೂತಿದ್ದೆ. ಆಮೇಲೆ ಗಾಳಿಯಲ್ಲಿ ಎರಡು ಸಣ್ಣ ಸದ್ದು ಬಂತು ನೋಡು, ದೇಚುಗೆ ಹೇಳಿದ್ದೇನೆ ಬೇಕಾದ್ರೆ ಕೇಳು, ನಾಯಿ ನೀರಿಗೆ ಹಾರುವ ಮುಂಚೆಯೇ ನಂಗೆ ಗೊತ್ತಿತ್ತು."

"ಹೌದು. ನನ್ನ ಮೊಣಕೈ ಹಿಡಿದು 'ಈಗ ಹೋಗ್ತಾಳೆ' ಅಂದ್ರು. ಉಸಿರಿನಲ್ಲೇ ಅಂದ್ರು. ಜಡ್ಜಿಗೆ ಕೇಳಿಸಿದ್ರೆ ಅಂತ ನಂಗೆ ಹೆದರಿಕೆ," ಎಂದರು ಆಂಟಿ.

ಅಂಕಲ್ ರಿಬ್ಬನ್ನನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ನಿಧಾನವಾಗಿ, "ಅಂದ್ರೆ, ಕೇಳಿಸಿಕೊಂಡು ಕಲಿಸ್ಬಹುದು. ಅಲ್ವಾ?" ಎಂದರು. ನನ್ನನ್ನು ಕೇಳಿದ್ದೋ ತಮ್ಮನ್ನೇ ಕೇಳಿಕೊಂಡದ್ದೋ ಗೊತ್ತಿಲ್ಲ. ನಾನು ಹೌದು ಎಂದೆ. ಚುಕ್ಕಿ ಅವರ ಬೂಟಿನ ಮೇಲೆ ತಲೆಯಿಟ್ಟು ಮಲಗಿದ್ದಳು.

ಸೀಟಿ, ಬಂಪರ್ ಯಾವುದನ್ನೂ ಅವರು ಯಾರಿಗೂ ಕೊಡಲಿಲ್ಲ. ಮುಂದಿನ ಜನವರಿಯಲ್ಲಿ ಅಂದಿನ ಪರೀಕ್ಷೆ ನೋಡಿದ್ದ ಒಬ್ಬರು ತಮ್ಮ ನಾಯಿಯನ್ನು ಕರೆತಂದರು. ಆಮೇಲೆ ಇನ್ನಿಬ್ಬರು. ಈಗ ಪ್ರತಿ ಶನಿವಾರ ಆ ದನದ ಕೆರೆಯ ಹತ್ತಿರ ಏಳು ಜನ, ಏಳು ನಾಯಿಗಳು. ಅಂಕಲ್‌ಗೆ ಈಗ ಅಂಚಿನಲ್ಲಿ ಕಾಣುತ್ತಿದ್ದ ಮಬ್ಬೂ ಹೆಚ್ಚುಕಡಿಮೆ ಹೋಗಿದೆ. ಕುರ್ಚಿಯಲ್ಲಿ ಕುಳಿತು, ತಲೆ ವಾಲಿಸಿ, ಒಬ್ಬೊಬ್ಬರ ತಪ್ಪನ್ನೂ ಕೇಳಿಸಿಕೊಂಡು ಬೈಯುತ್ತಾರೆ. ನೀನು ತಡಮಾಡಿದೆ, ನಿನ್ನ ಕೈ ಅರ್ಧಕ್ಕೇ ನಿಂತಿತು, ನೀನು ಹೆದರಿದ್ದೀ ಎಂದು.

ಅಲ್ಲಿಗೆ ಕಲಿಯಲು ಬರುವ ಎಲ್ಲರಿಗೂ ಒಂದು ಷರತ್ತಿದೆ. ಬಲಗೈಗೆ ಎರಡು ಬಳೆ ತೊಡಬೇಕು. ಆರ್ಟೀಸಿಯಾದ ನಮ್ಮವರ ಅಂಗಡಿಯಿಂದ ದೊಡ್ಡ ಅಳತೆಯ ಲೋಹದ ಬಳೆಗಳನ್ನು ಹುಡುಕಿ ತರುವ ಕೆಲಸ ನನ್ನದು. ನಮ್ಮ ಕಡೆ ಹೇಡಿ ಗಂಡಸನ್ನು ಹಂಗಿಸಲು ಕೈಗೆ ಬಳೆ ತೊಟ್ಟುಕೋ ಎನ್ನುತ್ತಾರೆ. ಇಲ್ಲಿ ಆರಡಿ ಎತ್ತರದ, ಗಡ್ಡ ಬಿಟ್ಟ, ಬಂದೂಕು ಹಿಡಿಯುವ ಗಂಡಸರು ಬಳೆ ತೊಟ್ಟು ಸಾಲಾಗಿ ನಿಂತು, ಒಬ್ಬ ಕೊಡಗಿನ ಮುದುಕರಿಂದ ಬೈಸಿಕೊಳ್ಳಲು ಕಾಯುತ್ತಿರುತ್ತಾರೆ. ನಾಯಿಯೇ ಕಾಣದವನು ಏನು ಕಲಿಸುತ್ತಾನೆ ಎಂದು ಮಾತಾಡಿಕೊಂಡಿದ್ದ ಇಬ್ಬರಲ್ಲಿ ಒಬ್ಬರೂ ಆ ಸಾಲಿನಲ್ಲಿದ್ದಾರೆ. ಅದು ಅಂಕಲ್‌ಗೆ ಗೊತ್ತು, ಸ್ವರ ಕೇಳಿದ ದಿನವೇ ಗುರುತಿಸಿದರು. ಅವರಿಗೆ ಸ್ವಲ್ಪ ಬಿಗಿಯಾದ ಬಳೆ ಕೊಡು ಎಂದು ನನಗೆ ಹೇಳಿದ್ದು ಬಿಟ್ಟರೆ ಬೇರೆ ಸೇಡು ತೀರಿಸಿಕೊಂಡಿಲ್ಲ.

ನಾನು ಈಗಲೂ ಎದೆ ಮುಟ್ಟಿ, ಹಣೆ ಮುಟ್ಟಿ ಕೈ ಎತ್ತುತ್ತೇನೆ. ಚುಕ್ಕಿ ಹೋಗುತ್ತಾಳೆ. "ಕೈ ನೆಟ್ಟಗಿತ್ತಾ?" ಎಂದು ಅಂಕಲ್ ಇನ್ನೂ ಕೇಳುತ್ತಾರೆ. "ಇಲ್ಲ ಅಂಕಲ್," ಎನ್ನುತ್ತೇನೆ. ಹಾಗೆ ಹೇಳುವಾಗಲೆಲ್ಲ, ಕಾಣುವುದಿಲ್ಲವೆಂದು ಅವರಿಂದ ಮುಚ್ಚಿಟ್ಟ ಆ ಆರು ದಿನ ನೆನಪಾಗಿ ನನ್ನ ಮುಖ ಬಿಸಿಯಾಗುತ್ತದೆ. ಅದೂ ಅವರಿಗೆ ಗೊತ್ತಾಗುತ್ತದೆಯೋ ಏನೋ, "ಆಗ್ಲಿ, ಮುಂದಿನದು ಕಳ್ಸು," ಎನ್ನುತ್ತಾರೆ.